ಬಾಣಗಳು ಓಡುವ ಬೋರ್ಡ್: ತರಗತಿಯಲ್ಲಿ ‘ಲೂಪಿ’

ಆಹಾರ ಸರಪಳಿ, ಜಲಚಕ್ರ, ಇಂಗಾಲದ ಚಕ್ರ. ವಿಜ್ಞಾನದ ಪಾಠದಲ್ಲಿ ಬಾಣವಿಲ್ಲದ ಚಿತ್ರವೇ ಅಪರೂಪ. ಆದರೆ ಬೋರ್ಡ್ ಮೇಲಿನ ಬಾಣ ಅಲುಗಾಡುವುದಿಲ್ಲ. ಒಂದು ಕಡೆ ಆದ ಬದಲಾವಣೆ ಸುತ್ತಿ ಬಳಸಿ ಶುರುವಾದ ಜಾಗಕ್ಕೇ ಹೇಗೆ ಮರಳುತ್ತದೆ ಅನ್ನುವುದನ್ನು ಬಾಯಲ್ಲೇ ಹೇಳಬೇಕು. ಮಕ್ಕಳು ಹೂಂ ಅನ್ನುತ್ತಾರೆ, ಪರೀಕ್ಷೆಯಲ್ಲಿ ಚಿತ್ರವನ್ನು ಹಾಗೇ ಬಿಡಿಸಿ ಬರುತ್ತಾರೆ. ಸಿಸ್ಟಮ್ಸ್ ಥಿಂಕಿಂಗ್, ಅಂದರೆ ಬಿಡಿ ಸಂಗತಿಗಳ ಬದಲು ಅವುಗಳ ನಂಟನ್ನು ನೋಡುವ ರೀತಿ, ಕಲಿಸುವುದು ಕಷ್ಟ ಅನ್ನಿಸುವುದೇ ಇಲ್ಲಿ. ಈ ಕೆಲಸಕ್ಕೆ ನಾನು ಹೆಚ್ಚಾಗಿ ಬಳಸುವುದು ‘ಲೂಪಿ’.

ಇದು ಬ್ರೌಸರ್‌ನಲ್ಲೇ ತೆರೆಯುವ ಪುಟ್ಟ ಸಾಧನ. ಆಡುತ್ತಾ ಕಲಿಯುವಂಥ ವೆಬ್ ಪುಟಗಳನ್ನು ಮಾಡುವ ನಿಕಿ ಕೇಸ್ 2017ರಲ್ಲಿ ಮಾಡಿದ್ದು. ಪೂರ್ತಿ ಉಚಿತ, ಲಾಗಿನ್ ಕೂಡ ಬೇಡ. ಮೌಸ್‌ನಿಂದ ಒಂದು ಸೊಟ್ಟ ಸುತ್ತು ಎಳೆದರೆ ಸಾಕು, ಅದೇ ನೀಟಾದ ವೃತ್ತವಾಗುತ್ತದೆ. ಒಂದು ವೃತ್ತದಿಂದ ಇನ್ನೊಂದಕ್ಕೆ ಗೆರೆ ಎಳೆದರೆ ಬಾಣ. ಇದು ಹೆಚ್ಚಿದರೆ ಅದೂ ಹೆಚ್ಚುತ್ತದೆಯೋ, ಇಲ್ಲ ಕಡಿಮೆಯಾಗುತ್ತದೆಯೋ ಅಂತ ಬಾಣಕ್ಕೆ ಪ್ಲಸ್ ಅಥವಾ ಮೈನಸ್ ಕೊಡಬೇಕು. ಆಮೇಲೆ ಪ್ಲೇ ಒತ್ತಿ, ಯಾವುದಾದರೂ ವೃತ್ತವನ್ನು ಹೆಚ್ಚಿಸಿ. ವೃತ್ತ ತುಂಬುತ್ತದೆ, ಅದರಿಂದ ಒಂದು ಗುರುತು ಹೊರಟು ಬಾಣದ ಉದ್ದಕ್ಕೂ ಓಡಿ ಮುಂದಿನ ವೃತ್ತವನ್ನು ಮುಟ್ಟುತ್ತದೆ. ಇಷ್ಟೇ.

ನಾನು ಇದನ್ನು ಯೆಲ್ಲೋಸ್ಟೋನ್ ತೋಳಗಳ ಪಾಠಕ್ಕೆ ಬಳಸುತ್ತೇನೆ. ಅಮೆರಿಕದ ಆ ರಾಷ್ಟ್ರೀಯ ಉದ್ಯಾನದಲ್ಲಿ 1920ರ ದಶಕದ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿದ್ದರು. ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ವಿಲೋ ಗಿಡಗಳನ್ನು ಮೇಯ್ದು ಕುಳ್ಳಾಗಿಸಿದವು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. ಮೊದಲು ಎಲ್ಕ್ ಮತ್ತು ಬೀವರ್‌ಗಳ (ವಿಲೋ ತಿಂದು, ಅದರ ಕೊಂಬೆಗಳಿಂದ ತೊರೆಗೆ ಒಡ್ಡು ಕಟ್ಟುವ ಪ್ರಾಣಿ) ಒಂದು ಚಿಕ್ಕ ವಿಡಿಯೊ ತೋರಿಸುತ್ತೇನೆ, ಅದೂ ಧ್ವನಿ ಇಲ್ಲದೆ. ವಿಡಿಯೊದ ದನಿಯೇ ಎಲ್ಲಾ ವಿವರಿಸಿಬಿಟ್ಟರೆ ಮಕ್ಕಳಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಆಮೇಲೆ ಮೌಸ್ ಅವರ ಕೈಗೆ.

ಮೊದಲ ಗುಂಪು ಬಿಡಿಸಿದ್ದು ಪಠ್ಯಪುಸ್ತಕದ ಆಹಾರ ಸರಪಳಿ. ವಿಲೋದಿಂದ ಎಲ್ಕ್‌ಗೆ ಪ್ಲಸ್, ಎಲ್ಕ್‌ನಿಂದ ತೋಳಕ್ಕೆ ಪ್ಲಸ್. ಪ್ಲೇ ಒತ್ತಿ ವಿಲೋ ಹೆಚ್ಚಿಸಿದರು. ಎಲ್ಕ್ ತುಂಬಿತು, ತೋಳ ತುಂಬಿತು, ಅಲ್ಲಿಗೆ ನಿಂತಿತು. ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: “ಮೇಡಂ, ತೋಳ ಜಾಸ್ತಿ ಆದ್ರೂ ಎಲ್ಕ್ ಕಮ್ಮಿನೇ ಆಗ್ಲಿಲ್ಲ. ತೋಳ ತಿನ್ನೋದೇ ಇಲ್ವಾ?”

ಇಡೀ ಪಾಠ ಆ ಪ್ರಶ್ನೆಯಲ್ಲೇ ಇದೆ. ಆಹಾರ ಸರಪಳಿಯ ಬಾಣ ಶಕ್ತಿ ಯಾರಿಂದ ಯಾರಿಗೆ ಹೋಯಿತು ಅಂತ ಹೇಳುತ್ತದೆ. ಲೂಪಿಯ ಬಾಣ ಯಾರ ಸಂಖ್ಯೆ ಯಾರ ಮೇಲೆ ಪರಿಣಾಮ ಮಾಡುತ್ತದೆ ಅಂತ ಹೇಳುತ್ತದೆ. ಎರಡೂ ಬಾಣವೇ ಆದ್ದರಿಂದ ಮಕ್ಕಳು ಒಂದೇ ಅಂದುಕೊಳ್ಳುತ್ತಾರೆ. ಬೋರ್ಡ್ ಮೇಲೆ ಬಿಡಿಸಿದ್ದರೆ ಈ ಗೊಂದಲ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಏಕೆಂದರೆ ಚಿತ್ರ ನೋಡಲು ಸರಿಯಾಗೇ ಇತ್ತು. ಓಡಿಸಿದಾಗ ಗೊತ್ತಾಯಿತು. ಆ ಹುಡುಗಿಯೇ ಬಂದು ತೋಳದಿಂದ ಎಲ್ಕ್‌ಗೆ ಮೈನಸ್, ಎಲ್ಕ್‌ನಿಂದ ವಿಲೋಗೆ ಮೈನಸ್ ಎಳೆದಳು. ಈಗ ತೋಳ ಹೆಚ್ಚಿಸಿದರೆ ಎಲ್ಕ್ ಕಡಿಮೆ, ವಿಲೋ ಜಾಸ್ತಿ. ಎಲ್ಕ್ ಕಡಿಮೆಯಾದ್ದರಿಂದ ಸ್ವಲ್ಪ ಹೊತ್ತಿಗೆ ತೋಳವೂ ಕಡಿಮೆ. ಇನ್ನೊಬ್ಬ ಹುಡುಗ ಬೀವರ್ ಸೇರಿಸಿದ. ತರಗತಿಯಲ್ಲಿ ಗಲಾಟೆಯೋ ಗಲಾಟೆ, ಆದರೆ ಎಲ್ಲರ ಮಾತೂ ಬಾಣಗಳ ಬಗ್ಗೆಯೇ.

ನಿಜವಾದ ಯೆಲ್ಲೋಸ್ಟೋನ್ ಇಷ್ಟು ಸರಳವಲ್ಲ ಅಂತ ಕಡೆಗೆ ಹೇಳಲೇಬೇಕು. ಕರಡಿ, ಬೇಟೆ, ಬರ ಎಲ್ಲವೂ ಸೇರಿಕೊಂಡಿವೆ. ವಿಲೋ ಚೇತರಿಕೆಯಲ್ಲಿ ತೋಳದ ಪಾಲೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಮಕ್ಕಳಿಗೆ ಇದನ್ನು ಹೇಳಿದರೆ ಹೊಸ ವೃತ್ತ ಸೇರಿಸಲು ಅವರೇ ಓಡಿ ಬರುತ್ತಾರೆ.

ಲೂಪಿಯ ಎರಡು ಗುಣ ನನಗೆ ಬಹಳ ಇಷ್ಟ. ಬಾಣವನ್ನು ಉದ್ದ ಮಾಡಿದರೆ ಪರಿಣಾಮ ತಡವಾಗಿ ತಲುಪುತ್ತದೆ. ಎರಡು ಬಾಣ ಎಳೆದರೆ ಪರಿಣಾಮ ಜೋರಾಗುತ್ತದೆ. ತಡ ಅನ್ನುವುದನ್ನು ಕಣ್ಣಿಗೆ ತೋರಿಸುವುದು ಎಷ್ಟು ಕಷ್ಟ ಅಂತ ಪಾಠ ಮಾಡಿದವರಿಗೆ ಗೊತ್ತು. ಇಲ್ಲಿ ಬಾಣ ಎಳೆದು ಉದ್ದ ಮಾಡಿದರೆ ಮುಗಿಯಿತು.

ಕನ್ನಡದಲ್ಲಿ ಹೆಸರು ಬರೆಯಬಹುದು. ಆದರೆ ಪದ ಉದ್ದವಾದರೆ ಅಕ್ಷರ ಚಿಕ್ಕದಾಗುತ್ತದೆ, ಕೊನೇ ಬೆಂಚಿಗೆ ಕಾಣುವುದಿಲ್ಲ. ‘ಮಂಜಿನ ಪ್ರಮಾಣದಲ್ಲಿ ಇಳಿಕೆ’ ಅಂತ ಬರೆಯಬೇಡಿ, ‘ಮಂಜು’ ಸಾಕು. ಹೇಗೂ ಏರಿಕೆ ಇಳಿಕೆ ಹೇಳುವುದು ಬಾಣದ ಕೆಲಸ. ಚಿತ್ರ ಉಳಿಸಲು ಲಿಂಕ್ ತೆಗೆದುಕೊಳ್ಳಬಹುದು. ಇಡೀ ಚಿತ್ರ ಲಿಂಕ್‌ನೊಳಗೇ ಕೂತಿರುತ್ತದೆ, ಹಾಗಾಗಿ ಅದು ತುಂಬಾ ಉದ್ದ. ಕನ್ನಡ ಅಕ್ಷರ ಇದ್ದರಂತೂ ಇನ್ನೂ ಉದ್ದ. ನಾನು ಅದನ್ನು ಫೈಲ್‌ನಲ್ಲಿ ಅಂಟಿಸಿ ಇಟ್ಟುಕೊಳ್ಳುತ್ತೇನೆ.

ಈಗ ದೊಡ್ಡ ಕೊರತೆ. ಲೂಪಿಗೆ ಸಂಗ್ರಹಕ್ಕೂ (ಈಗ ಎಷ್ಟು ಕೂಡಿಕೊಂಡಿದೆ) ಹರಿವಿಗೂ (ಎಷ್ಟು ಬರುತ್ತಿದೆ, ಎಷ್ಟು ಹೋಗುತ್ತಿದೆ) ವ್ಯತ್ಯಾಸ ಗೊತ್ತಿಲ್ಲ. ‘ಹೊಗೆ ಹೊರಸೂಸುವಿಕೆ’ಯಿಂದ ‘ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್’ಗೆ ಪ್ಲಸ್ ಬಾಣ ಹಾಕಿ ಹೊಗೆ ಇಳಿಸಿದರೆ, ಡೈಆಕ್ಸೈಡ್ ಕೂಡ ಇಳಿದುಬಿಡುತ್ತದೆ. ಇದು ತಪ್ಪು. ಹೊರಸೂಸುವುದು ಸ್ವಲ್ಪ ಕಡಿಮೆಯಾದರೂ, ಕಾಡು ಮತ್ತು ಸಮುದ್ರ ಹೀರಿಕೊಳ್ಳುವುದಕ್ಕಿಂತ ಜಾಸ್ತಿ ಇರುವವರೆಗೆ ಗಾಳಿಯಲ್ಲಿ ಅದು ಏರುತ್ತಲೇ ಇರುತ್ತದೆ. ಈ ತಪ್ಪು ತಿಳುವಳಿಕೆ ದೊಡ್ಡವರಲ್ಲೂ ಗಟ್ಟಿಯಾಗಿದೆ. ಸಂಶೋಧಕರಾದ ಜಾನ್ ಸ್ಟರ್ಮನ್ ಮತ್ತು ಲಿಂಡಾ ಬೂತ್ ಸ್ವೀನಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲೇ ಹೆಚ್ಚಿನವರು ಇಲ್ಲಿ ಎಡವಿದ್ದರು. ಅಂಥ ವಿಷಯವನ್ನು ಲೂಪಿಯಲ್ಲಿ ಓಡಿಸಿದರೆ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಅಲ್ವಾ? ಆ ದಿನ ನಾನು ಪ್ರೊಜೆಕ್ಟರ್ ಆರಿಸಿ, ತಳದಲ್ಲಿ ತೂತಿರುವ ಬಕೆಟ್ಟನ್ನು ನಲ್ಲಿ ಕೆಳಗೆ ಇಡುತ್ತೇನೆ. ನಲ್ಲಿಯನ್ನು ಸ್ವಲ್ಪ ತಿರುಗಿಸಿ ಕಡಿಮೆ ಮಾಡಿದರೂ ನೀರಿನ ಮಟ್ಟ ಮೇಲೇರುತ್ತಲೇ ಇರುತ್ತದೆ. ದೃಶ್ಯ ಸಾಧನ ಅಂದರೆ ಪರದೆಯೇ ಆಗಬೇಕಿಲ್ಲ.

ಅಂಕಿಗಳೂ ಲೂಪಿಯಲ್ಲಿ ಸಿಗುವುದಿಲ್ಲ. ಎಷ್ಟು ವರ್ಷಕ್ಕೆ ಎಷ್ಟು ತೋಳ ಅಂತ ಲೆಕ್ಕ ಬೇಕಾದ ದೊಡ್ಡ ತರಗತಿಗಳಿಗೆ 1985ರಿಂದ ಇರುವ ಸ್ಟೆಲ್ಲಾ ಥರದ ಸಾಫ್ಟ್‌ವೇರ್, ಇಲ್ಲವೇ ಸಾಮಾನ್ಯ ಎಕ್ಸೆಲ್ ಹಾಳೆಯೇ ಮೇಲು.

ಆದರೆ ಹೈಸ್ಕೂಲ್ ಮಕ್ಕಳಿಗೆ ಫೀಡ್‌ಬ್ಯಾಕ್ ಲೂಪ್ ಅನ್ನು, ಅಂದರೆ ಬದಲಾವಣೆ ಸುತ್ತಿ ಶುರುವಾದ ಜಾಗಕ್ಕೇ ಮರಳುವುದನ್ನು, ಮೊದಲ ಸಲ ತೋರಿಸಲು ಲೂಪಿಗಿಂತ ಸುಲಭದ್ದನ್ನು ನಾನು ಕಂಡಿಲ್ಲ. ಧೈರ್ಯವಾಗಿ ಬಳಸಿ. ಒಂದೇ ಒಂದು ಕಟ್ಟುನಿಟ್ಟು ಇರಲಿ: ಮುಂದೆ ಏನಾಗುತ್ತದೆ ಅಂತ ಪ್ರತಿ ಮಗುವೂ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆದ ಮೇಲೆಯೇ ಪ್ಲೇ ಒತ್ತಬೇಕು. ಅದಿಲ್ಲದಿದ್ದರೆ ಮಕ್ಕಳು ಸುಮ್ನೆ ವೃತ್ತ ತುಂಬುವುದನ್ನು ನೋಡುತ್ತಾ ಕೂರುತ್ತಾರೆ.