ಕೃಷಿ ಹೊಂಡದ 500 ಮೈಕ್ರಾನ್ ಹಾಳೆ: ಆರು ಬೇಸಿಗೆ ಕಂಡ ಮೇಲೆ

ಅಂಕ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಹಾಳೆಗಲ್ಲ, ಜೊತೆಗೆ ಬರುವ ಸೂಚನೆ ಚೀಟಿಗೆ. ಮುಂಡರಗಿ ಕಡೆಯ ಮಸಾರಿಗೂ (ಕೆಂಪು ಮಣ್ಣು) ನವಲಗುಂದದ ಎರೆಗೂ (ಕಪ್ಪು ಮಣ್ಣು) ಅದರಲ್ಲಿ ಒಂದೇ ಮಾತು.

ವಸ್ತು: ಕಪ್ಪು ಎಚ್‌ಡಿಪಿಇ ಜಿಯೋಮೆಂಬ್ರೇನ್, ಅಂದರೆ ನೀರು ಇಂಗದಂತೆ ತಡೆಯುವ ಗಟ್ಟಿ ಪ್ಲಾಸ್ಟಿಕ್ ಹಾಳೆ, ದಪ್ಪ ಅರ್ಧ ಮಿ.ಮೀ. ಊರಲ್ಲಿ ಎಲ್ಲರೂ ತಾಡಪತ್ರಿ ಅನ್ನುತ್ತಾರೆ, ಆದರೆ ರಾಶಿ ಮುಚ್ಚುವ ತಾಡಪತ್ರಿಯೇ ಬೇರೆ, ಇದೇ ಬೇರೆ. ಕಸದ ಗುಂಡಿಯ ತಳಕ್ಕೆ 2016ರ ಘನತ್ಯಾಜ್ಯ ನಿಯಮ ಕೇಳಿದ್ದು 1.5 ಮಿ.ಮೀ. ಹಾಳೆ, ಅದರ ಕೆಳಗೆ 90 ಸೆಂ.ಮೀ. ಜೇಡಿಮಣ್ಣು. ಅಲ್ಲಿ ತಡೆಯಬೇಕಾದದ್ದು ಕೊಳೆತ ಕಸದ ರಸ. ಮಳೆನೀರು ಹಿಡಿಯಲು ಅಷ್ಟು ದಪ್ಪ ಬೇಡ.

ಕೊಳ್ಳುವಾಗ ಮೈಕ್ರಾನ್ ಅಚ್ಚನ್ನು ನಂಬುವ ಬದಲು ತಕ್ಕಡಿ ನಂಬಿ. ನೇಯ್ಗೆಯಿಲ್ಲದ ಒಂದೇ ಪದರದ ಹಾಳೆಯಾದರೆ ಒಂದು ಚದರ ಮೀಟರ್ ತುಂಡು ಸುಮಾರು 470 ಗ್ರಾಂ ತೂಗಬೇಕು. 400ರ ಹತ್ತಿರ ಬಂದರೆ ಅದು 500 ಮೈಕ್ರಾನ್ ಅಲ್ಲ.

ಅಳತೆಯಲ್ಲೂ ಮೋಸ ಹೋಗುವವರಿದ್ದಾರೆ. 21×21 ಮೀಟರ್ ಬಾಯಿ, 3 ಮೀಟರ್ ಆಳ, ಒಂದಕ್ಕೆ ಒಂದೂವರೆ ಇಳಿಜಾರು (ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಒಳಕ್ಕೆ) ಅಂದರೆ ತಳ 12×12 ಉಳಿಯುತ್ತದೆ, ನೀರು ಸುಮಾರು 8.37 ಲಕ್ಷ ಲೀಟರ್. ತಳ 12, ಎರಡು ಪಕ್ಕದ ಇಳಿಜಾರು ಸೇರಿ 10.8, ಹಾಳೆಯ ಅಂಚು ಹೂಳುವ ಕಾಲುವೆಗೆ ಎರಡೂ ಕಡೆ ತಲಾ ಒಂದೂವರೆ: ಒಟ್ಟು 26×26 ಬೇಕೇ ಬೇಕು. 24 ಸಾಕು ಅಂದವರ ಅಂಗಡಿಯಿಂದ ಎದ್ದು ಬನ್ನಿ. ಇಡೀ ಹಾಳೆ 318 ಕೆ.ಜಿ. ಆಗುತ್ತದೆ, ಎಳೆಯಲು ಹತ್ತು ಆಳು ಹಿಡಿಯಿರಿ.

ಮಸಾರಿಯಲ್ಲಿ ಒಂದಕ್ಕೆ ಒಂದು ಇಳಿಜಾರು ನಿಲ್ಲುತ್ತದೆ, ಎರೆಯಲ್ಲಿ ಕುಸಿಯುತ್ತದೆ. ಜೆಸಿಬಿ ಹಲ್ಲಿನ ಗುರುತು, ಗರಸಿನ ಚೂಪು ಕಲ್ಲು, ಹತ್ತಿಕಟ್ಟಿಗೆಯ ಮೋಟು ಯಾವುದೂ ಉಳಿಯಬಾರದು. ಜೇಕು ಕಳೆಯ ಗಡ್ಡೆ ಬೇರುಸಹಿತ ತೆಗೆಯಿರಿ, ಅದರ ಮೊಳಕೆ ತೆಳು ಹಾಳೆಯನ್ನು ಚುಚ್ಚಿಕೊಂಡು ಮೇಲೆ ಬರುತ್ತದೆ. ಆಮೇಲೆ ಸಾಣಿಗೆ ಹಿಡಿದ ಮಣ್ಣು ಎರಡು ಮೂರು ಇಂಚು ಹರವಿ, ನೀರು ಚಿಮುಕಿಸಿ ಬಡಿಯಬೇಕು.

ಹಾಸುವ ಹೊತ್ತೂ ಮುಖ್ಯ. ಮೇ ತಿಂಗಳ ಮಧ್ಯಾಹ್ನ ಕಪ್ಪು ಹಾಳೆ ಕಾಯ್ದು ಹಿಗ್ಗಿರುತ್ತದೆ, ಬೆಳಗಿನ ಜಾವಕ್ಕೆ 40 ಡಿಗ್ರಿ ಇಳಿದರೆ 26 ಮೀಟರಿಗೆ ಅರ್ಧ ಅಡಿಯಷ್ಟು ಕುಗ್ಗುತ್ತದೆ. ಮಧ್ಯಾಹ್ನ ಬಿಗಿಯಾಗಿ ಕಟ್ಟಿದ್ದರೆ ಮರುದಿನ ತಳದ ಮೂಲೆಯಲ್ಲಿ ಡೊಳ್ಳಿನ ಚರ್ಮದಂತೆ ನೆಲ ಬಿಟ್ಟು ನಿಂತಿರುತ್ತದೆ. ನೀರಿನ ಭಾರ ಬಿದ್ದಾಗ ಅಲ್ಲೇ ಹರಿಯುವುದು. ನಸುಕಿನಲ್ಲಿ ಹಾಸಿ, ಮೂಲೆಯಲ್ಲಿ ಸಡಿಲ ಬಿಟ್ಟು, ಎರಡು ಅಡಿ ನೀರು ತುಂಬಿದ ಮೇಲೆ ಅಂಚು ಹೂಳಿ.

ಎರೆ ಹೊಲದಲ್ಲಿ ಹೆಚ್ಚು ಕಾಡಿದ್ದು ಅಂಚೇ. ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ ಅರ್ಧ ಮೀಟರ್ ಆಳದ ಕಾಲುವೆ ತೆಗೆದು ಅದೇ ಎರೆಮಣ್ಣನ್ನು ತುಂಬುತ್ತಾರೆ. ಬೇಸಿಗೆಯಲ್ಲಿ ಕಾಲುವೆಯ ಉದ್ದಕ್ಕೂ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ರೋಹಿಣಿ ಮಳೆಯ ನೀರು ಆ ಬಿರುಕಿನಿಂದ ಹಾಳೆಯ ಹಿಂದೆ ಇಳಿದು ಮಣ್ಣು ಕೊರೆಯುತ್ತದೆ, ಹಾಳೆ ಹೊಟ್ಟೆ ಉಬ್ಬಿಸಿಕೊಂಡು ತೇಲುತ್ತದೆ. ನಾಲ್ಕು ಟ್ರಾಲಿ ಮಸಾರಿ ತರಿಸಿ ಪದರ ಪದರವಾಗಿ ಬಡಿದು, ಮೇಲ್ಮೈಯನ್ನು ಹೊರಗಡೆಗೆ ಇಳಿಜಾರು ಮಾಡಿದ ಮೇಲೆ ಆ ಕಾಟ ತಪ್ಪಿತು.

ಬೆಸುಗೆ ಕಾರ್ಖಾನೆಯಲ್ಲೇ ಆಗಿ ಒಂದೇ ತುಂಡಾಗಿ ಬರಲಿ. ಹೊಲದಲ್ಲೇ ಬೆಸೆದರೆ ತುದಿಯಿಂದ ಒಂದಿಂಚು ಪಟ್ಟಿ ಕತ್ತರಿಸಿ ಎರಡೂ ಪದರ ಎಳೆದು ನೋಡಿ. ಹಾಳೆ ಹರಿಯಬೇಕು, ಜೋಡು ಬಿಚ್ಚಬಾರದು.

ನೀರು ಕಡಿಮೆಯಾದರೆ ಎಲ್ಲರೂ ಮೊದಲು ಬೈಯುವುದು ಹಾಳೆಯನ್ನೇ. ದಿನಕ್ಕೆ 6 ಮಿ.ಮೀ. ಆವಿಯಾದರೂ 21×21 ಹೊಂಡದಿಂದ 2,600 ಲೀಟರ್ ಹೋಗುತ್ತದೆ, ಅದನ್ನು ಯಾವ ತಳದ ಹಾಳೆಯೂ ತಡೆಯದು. ಬಕೇಟಿಗೆ ಹೊಂಡದ ನೀರನ್ನೇ ತುಂಬಿ, ಬಾಯಿ ಮೇಲಿರುವಂತೆ ಹೊಂಡದೊಳಗೇ ಹಗ್ಗದಿಂದ ಕಟ್ಟಿ, ಎರಡರ ಮಟ್ಟವನ್ನೂ ಸ್ಕೇಲಿನಲ್ಲಿ ಅಳೆಯಿರಿ. ಎರಡೂ ಸಮ ಇಳಿದರೆ ಬಿಸಿಲಿನ ಕೆಲಸ. ಹೊಂಡ ಮಾತ್ರ ಜಾಸ್ತಿ ಇಳಿದರೆ ತೂತಿದೆ. ಇಳಿಯುವುದು ಎಲ್ಲಿ ನಿಲ್ಲುತ್ತದೋ ಆ ಗೆರೆಯ ಸುತ್ತ ಹುಡುಕಿ. ತೇಪೆಗೆ ಪಾಚಿ ಒರೆಸಿ, ಒಣಗಿಸಿ, ತೂತಿನ ಸುತ್ತ 15 ಸೆಂ.ಮೀ. ದಾಟುವ ತುಂಡನ್ನು ಬಿಸಿಗಾಳಿ ಗನ್ನಿನಿಂದ ಬೆಸೆಯಬೇಕು. ಪಂಕ್ಚರ್ ಸೊಲ್ಯೂಷನ್ ಎಚ್‌ಡಿಪಿಇಗೆ ಕಚ್ಚುವುದಿಲ್ಲ.

ಉಳ್ಳಾಗಡ್ಡಿಗೆ ನೀರು ಹರಿಸುವಾಗ ಪಂಪಿನ ನೀರೆಳೆಯುವ ತುದಿಯ ಫುಟ್‌ವಾಲ್ವ್ ತಳಕ್ಕೆ ಬಿಡಬೇಡಿ, ಡಬ್ಬಕ್ಕೆ ಕಟ್ಟಿ ತೇಲಿಸಿ. ಪೂರ್ತಿ ಬರಿದು ಮಾಡಿದರೆ ಗಾಳಿಗೆ ಹಾಳೆ ಎದ್ದು ಬಡಿಯುತ್ತದೆ. ಒಂದೂವರೆ ಅಡಿ ನೀರು ಉಳಿಸಿ, ಇಲ್ಲವೆ ಉಸುಕಿನ ಚೀಲ ಇಡಿ, ಕಲ್ಲು ಬೇಡ. ಆರನೇ ಬೇಸಿಗೆಯಲ್ಲಿ ನೀರಿನ ಮೇಲಿನ ಭಾಗದ ಮಡಿಕೆಗಳಲ್ಲಿ ಸಣ್ಣ ಸೀಳು ಕಾಣತೊಡಗಿವೆ, ಮುಳುಗಿದ ಭಾಗ ಹೊಸದರಂತೆಯೇ ಇದೆ.

ಪಾಚಿ ಹಿಡಿದ ಹಾಳೆಯ ಮೇಲೆ ಈಜು ಬಲ್ಲವರಿಗೂ ಹತ್ತಲಾಗದು. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ತಳದವರೆಗೆ ಇಳಿಬಿಡಿ, ಸುತ್ತ ಬೇಲಿ ಹಾಕಿ. ಈ ಎರಡೂ ಆಗುವವರೆಗೆ ನೀರು ತುಂಬಬೇಡಿ.