ಅಣುವೋ ಬಿಸಿಲೋ: ನಮ್ಮ ಭಾಗಕ್ಕೆ ಒಪ್ಪುವ ವಿದ್ಯುತ್ತು
ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿರುವುದರಿಂದ ಅಣುಶಕ್ತಿಯ ಪ್ರಶ್ನೆ ಯಾದಗಿರಿ, ಕಲಬುರಗಿಯವರಿಗೆ ದೂರದ್ದಲ್ಲ. ಕೈಗಾ ಅಣುಸ್ಥಾವರದ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಇಂಗಾಲ ಸುಡದೆ ಹಗಲಿರುಳು ವಿದ್ಯುತ್ ನೀಡಬಲ್ಲವು. ಮೊದಲ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದದ್ದು ಸಣ್ಣ ಸಾಧನೆಯಲ್ಲ. ಆದರೆ 1989ರಲ್ಲಿ ನಿರ್ಮಾಣ ಆರಂಭವಾದ ಆ ಸ್ಥಾವರದ ವಾಣಿಜ್ಯ ಉತ್ಪಾದನೆ ಶುರುವಾದದ್ದು 2000ದಲ್ಲಿ. ಅಲ್ಲದೆ ಅಣುಸ್ಥಾವರವನ್ನು ತಂಪಾಗಿಡಲು ವರ್ಷವಿಡೀ ಅಪಾರ ನೀರು ಬೇಕಾಗುವುದರಿಂದ, ಬೇಸಿಗೆಯಲ್ಲಿ ಸೊರಗುವ ಭೀಮೆಯನ್ನು ಅದಕ್ಕಾಗಿ ನೆಚ್ಚುವುದು ನನಗೆ ಸರಿಕಾಣದು. ಸೌರಫಲಕಗಳಿಗೆ ನೀರು ಅಲ್ಪ, ಸ್ಥಾಪನೆಯೂ ಬೇಗ. ರಾತ್ರಿಗೆ ಮಾತ್ರ ಬ್ಯಾಟರಿ ಬೇಕು. ಸೌರಫಲಕಗಳಿಗಾಗಿ ತೊಗರಿ ಬೆಳೆಯುವ ಕರಿಮಣ್ಣಿನ ಹೊಲಗಳನ್ನು ಕೊಡದೆ ಬರಡು ನೆಲವನ್ನು ಆರಿಸಬೇಕು. ಹಗಲು ಪಂಪ್‌ಸೆಟ್ ನಡೆಸುವ ರೈತರಿಗೆ ಸೌರಶಕ್ತಿಯೇ ಮೇಲು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಂತೆ ನಿಲ್ಲದೆ ನಡೆಯುವ ಉದ್ಯಮಗಳಿಗೆ ಅಣುವಿದ್ಯುತ್ತಿನ ಸ್ಥಿರತೆ ಹೆಚ್ಚು ಒಪ್ಪುತ್ತದೆ.