ಶಹಾಬಜಾರಿನ ಮ್ಯಾಂಡೋಲಿನ್ ಕಾರ್ಯಾಗಾರ: ದುರಸ್ತಿಗೆ ಕಣ್ಣು ಮುಚ್ಚಿ ಕೊಡಬಹುದು, ಹೊಸದಕ್ಕೆ ವಿಚಾರಿಸಿ ಕೊಳ್ಳಬೇಕು

ಕಲಬುರಗಿಯಲ್ಲಿ ಹಾರ್ಮೋನಿಯಂ ಮತ್ತು ತಬಲಾ ಸರಿಪಡಿಸುವವರು ಹುಡುಕಿದರೆ ಸಿಗುತ್ತಾರೆ. ಆದರೆ ಮ್ಯಾಂಡೋಲಿನ್ ಕೆಟ್ಟರೆ ಅದನ್ನು ಹೊತ್ತುಕೊಂಡು ಅತ್ತ ಸೊಲ್ಲಾಪುರ ದಾಟಿ ಮಿರಜಿಗೋ, ಇತ್ತ ಹೈದರಾಬಾದಿಗೋ ಹೋಗುವುದು ನಮ್ಮ ಭಾಗದ ವಾದಕರಿಗೆ ರೂಢಿಯೇ ಆಗಿಬಿಟ್ಟಿತ್ತು. ಶಹಾಬಜಾರ್ ಕಡೆಯ ಓಣಿಯೊಂದರಲ್ಲಿ ಶಹಾಬಾದ್ ಫರ್ಶಿ ಹಾಸಿದ ಚಿಕ್ಕ ಕೋಣೆಯಲ್ಲಿ ನಡೆಯುತ್ತಿರುವ ಕಾರ್ಯಾಗಾರವೊಂದು ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಿದೆ. ಅಲ್ಲಿ ಮ್ಯಾಂಡೋಲಿನ್ ಕಟ್ಟುತ್ತಾರೆ, ದುರಸ್ತಿ ಮಾಡುತ್ತಾರೆ, ಮಾರುತ್ತಾರೆ. ನನ್ನ ವಾದ್ಯಗಳನ್ನು ಅಲ್ಲಿ ಸರಿಪಡಿಸಿಕೊಂಡು, ಗೆಳೆಯರೊಬ್ಬರಿಗೆ ಹೊಸದನ್ನೂ ಅಲ್ಲಿಯೇ ಕೊಡಿಸಿದ ಅನುಭವದ ಮೇಲೆ ಹೇಳುವುದಾದರೆ, ಈ ಮೂರು ಕೆಲಸಗಳಲ್ಲಿ ದುರಸ್ತಿಯೇ ಅವರ ದೊಡ್ಡ ಬಲ. ಉಳಿದೆರಡರ ಒಳ್ಳೆಯತನವೂ ಆ ದುರಸ್ತಿಯ ಅನುಭವದಿಂದಲೇ ಬಂದದ್ದು.

ಎರಡೆರಡರಂತೆ ನಾಲ್ಕು ಜೋಡಿಯಾಗಿ ಬಿಗಿದ ಮ್ಯಾಂಡೋಲಿನ್ನಿನ ಎಂಟು ಉಕ್ಕಿನ ತಂತಿಗಳ ಎಳೆತ ಒಟ್ಟಾರೆ 70 ಕಿಲೋ ಮೀರುತ್ತದೆ. ಅಷ್ಟನ್ನೂ ವಾದ್ಯದ ಕತ್ತು ತಡೆಯಬೇಕು. ಅದರ ಒಂದು ಪಾಲು, ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ ಎಂಬ ಮರದ ತುಂಡಿನ ಮೂಲಕ ಮೇಲ್ಹಲಗೆಯನ್ನು ಸದಾ ಕೆಳಕ್ಕೆ ಒತ್ತುತ್ತಿರುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ಒಣ ಬಿಸಿಲಿಗೆ ಮರ ಕುಗ್ಗಿ ಹಲಗೆ ತಗ್ಗುತ್ತದೆ, ತಂತಿ ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳಾದ ಫ್ರೆಟ್ಟುಗಳಿಗೆ ತಾಗಿ ಜುಂಯ್ ಎನ್ನುತ್ತದೆ. ಮಳೆ ಹಿಡಿದ ಮೇಲೆ ಅದೇ ಮರ ಉಬ್ಬಿ ತಂತಿಗಳು ಮೇಲೇಳುತ್ತವೆ, ಒತ್ತಿದರೆ ಬೆರಳು ನೋಯುತ್ತದೆ. ಇದನ್ನು ಬಲ್ಲವರ ಕೈಗೆ ವಾದ್ಯ ಸಿಗಬೇಕು. ಬರೀ ಬಡಗಿಯ ಕೈಗೆ ಸಿಕ್ಕರೆ ಹಾಳಾಗುತ್ತದೆ.

ಇಲ್ಲಿಯ ಯಜಮಾನರನ್ನು ಬಂದವರೆಲ್ಲ ಉಸ್ತಾದ್ ಎಂದೇ ಕರೆಯುತ್ತಾರೆ. ವಾದ್ಯ ಕೈಗೆ ಬಂದೊಡನೆ ಅವರು ರೇಟು ಹೇಳುವುದಿಲ್ಲ. ಮೊದಲು ಪ್ರತಿ ತಂತಿಯನ್ನೂ ಎರಡನೆಯ ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿ, ಒಂದನೆಯ ಫ್ರೆಟ್ಟಿನ ಮೇಲೆ ಉಳಿಯುವ ಸಂದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆ ಸಂದು ಕೂದಲೆಳೆಯಷ್ಟು ಇರಬೇಕು. ಹೆಚ್ಚಿದ್ದರೆ ತಲೆಯ ಕಡೆ ತಂತಿಗಳು ಹಾಯುವ ನಟ್ಟು ಎಂಬ ಅಡ್ಡಪಟ್ಟಿಯ ಗಾಡಿ, ಅಂದರೆ ತಂತಿ ಕೂಡುವ ಕಚ್ಚು, ಆಳ ಸಾಲದೆಂದು ಅರ್ಥ. ಅಂಥ ವಾದ್ಯದಲ್ಲಿ ಮೊದಲ ಎರಡು ಮೂರು ಸ್ವರಗಳು ಎಷ್ಟು ಶ್ರುತಿ ಮಾಡಿದರೂ ಏರಿಯೇ ನುಡಿಯುತ್ತವೆ. ಬೇರೆ ಊರಿನ ಅಂಗಡಿಯೊಂದರಲ್ಲಿ ಕೊಂಡಿದ್ದ ನನ್ನ ಕಾರ್ಖಾನೆ ಮ್ಯಾಂಡೋಲಿನ್ನಿನಲ್ಲಿ ಇದೇ ದೋಷವಿತ್ತು. ಆ ಅಂಗಡಿಯವರು ತಂತಿ ಬದಲಿಸಿ ಎಂದಷ್ಟೇ ಹೇಳಿ ಕಳುಹಿಸಿದ್ದರು. ಉಸ್ತಾದರು ನೋಡಿ, "ತಂತಿ ಛಲೋ ಅದಾವ್ರಿ ಸರ್, ಇವನ್ನ ಯಾಕ ಬದಲಿ ಮಾಡ್ತೀರಿ, ಗಾಡಿ ಇಳಿಸಿದ್ರ ಸಾಕು" ಎಂದರು. ಸಣ್ಣ ಅರದಿಂದ ಗಾಡಿಗಳನ್ನು ಇಳಿಸಿದ ಮೇಲೆ ಅದೇ ತಂತಿಗಳು ಸರಿಯಾಗಿ ನುಡಿದವು. ಮಾರಾಟಕ್ಕೆ ಹೊಸ ತಂತಿ ಗೋಡೆಯ ಮೇಲೆ ತೂಗುತ್ತಿದ್ದರೂ ಬೇಡವೆಂದು ಹೇಳುವ ಅಂಗಡಿಯವರನ್ನು ನಾನು ಹೆಚ್ಚು ಕಂಡಿಲ್ಲ.

ಕುದುರೆಯ ವಿಷಯದಲ್ಲಿ ಅವರ ಕೆಲಸವನ್ನು ಹತ್ತಿರ ಕುಳಿತು ನೋಡಬೇಕು. ಮ್ಯಾಂಡೋಲಿನ್ನಿನ ಕುದುರೆಯನ್ನು ಅಂಟಿಸಿರುವುದಿಲ್ಲ. ತಂತಿಯ ಒತ್ತಡಕ್ಕೆ ಅದು ನಿಂತಿರುತ್ತದೆ. ಉಬ್ಬಿದ ಹಲಗೆಗೆ ಅದರ ಪಾದ ಪೂರ್ತಿ ಕೂಡದಿದ್ದರೆ ನಾದದ ಅರ್ಧ ಅಲ್ಲಿಯೇ ಸತ್ತಂತೆ. ಅವರು ಹಲಗೆಯ ಮೇಲೆ ಉಸುಕಿನ ಕಾಗದವನ್ನು ಮೇಲ್ಮುಖವಾಗಿ ಹಾಸಿ, ಅದರ ಮೇಲೆ ಕುದುರೆಯ ಪಾದವನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ನಡುನಡುವೆ ಸೀಮೆಸುಣ್ಣದ ಪುಡಿ ಹಚ್ಚಿ ಎಲ್ಲಿ ತಾಗುತ್ತಿದೆ, ಎಲ್ಲಿ ಇಲ್ಲ ಎಂದು ಪರೀಕ್ಷಿಸುತ್ತಾರೆ. ಪಾದವೆಲ್ಲ ಒಂದೇ ಸಮ ಬೆಳ್ಳಗಾಗುವವರೆಗೆ ಏಳುವುದಿಲ್ಲ. ನಂತರ ತಂತಿ ಬಿಗಿದು, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರವನ್ನು ಅಲ್ಲಿಯೇ ಬೆರಳು ಸೋಕಿಸಿ ಹೊರಡಿಸಿದ ಸ್ವರದೊಂದಿಗೆ ಹೋಲಿಸುತ್ತಾರೆ. ಒತ್ತಿದ್ದು ಏರಿ ಕೇಳಿಸಿದರೆ ಕುದುರೆಯನ್ನು ಬಾಲದ ಕಡೆಗೆ ಸರಿಸುತ್ತಾರೆ, ಇಳಿದು ಕೇಳಿಸಿದರೆ ಕತ್ತಿನ ಕಡೆಗೆ ತರುತ್ತಾರೆ. ನಟ್ಟಿನಿಂದ ಕುದುರೆಗೆ ಇರುವ ತಂತಿಯ ಉದ್ದ ಸುಮಾರು 35 ಸೆಂಟಿಮೀಟರ್ ಮಾತ್ರವಾದ್ದರಿಂದ ಇಲ್ಲಿ ಒಂದು ಮಿಲಿಮೀಟರ್ ಕೂಡ ಕಿವಿಗೆ ಗೊತ್ತಾಗುತ್ತದೆ. ಈ ಪರೀಕ್ಷೆಯನ್ನು ಅವರು ಗಿರಾಕಿಯ ಎದುರಿಗೇ ಮಾಡಿ ಕಲಿಸಿಕೊಡುತ್ತಾರೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ, ಏಕೆಂದರೆ ಇದರಿಂದ ಮುಂದಿನ ಸಲ ಆ ಕೂಲಿ ಅವರಿಗೆ ಬರಲಿಕ್ಕಿಲ್ಲ.

ಬಿಟ್ಟ ಬೆಸುಗೆಗಳಿಗೆ ಅವರು ಸರೇಸು, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು, ಕಾಯಿಸಿ ಬಳಸುತ್ತಾರೆ. ಬಿಳಿ ಅಂಟು ಸುಲಭವಲ್ಲವೇ ಎಂದು ಕೇಳಿದರೆ, ಸರೇಸಿನ ಜೋಡಣೆಯನ್ನು ಮುಂದೆ ಯಾರಾದರೂ ಹಬೆ ತಾಗಿಸಿ ಮರ ಕೆಡದಂತೆ ಬಿಚ್ಚಬಹುದು ಎನ್ನುತ್ತಾರೆ. ತಮ್ಮ ನಂತರ ಆ ವಾದ್ಯವನ್ನು ಬಿಚ್ಚುವ ಕೈಯನ್ನೂ ನೆನೆಯುವ ಈ ಗುಣ ದುರಸ್ತಿ ಮಾಡುವವರಲ್ಲಿ ಇರಲೇಬೇಕಾದದ್ದು. ಜೋಡಿ ತಂತಿಗಳ ಸೆಟ್ ನಮ್ಮಲ್ಲಿ ಸದಾ ಸಿಗುವುದಿಲ್ಲವಾದ್ದರಿಂದ, ತಕ್ಕ ದಪ್ಪದ ಗಿಟಾರ್ ತಂತಿಗಳ ತುದಿಯ ಹಿತ್ತಾಳೆ ಗುಂಡನ್ನು ಇಕ್ಕಳದಿಂದ ಒಡೆದು ತೆಗೆದು, ಉಳಿದ ಕುಣಿಕೆಯನ್ನು ಬಾಲದ ಕೊಂಡಿಗೆ ಸಿಕ್ಕಿಸುವುದನ್ನೂ ಇಲ್ಲಿ ನೋಡಬಹುದು. ನಾದದಲ್ಲಿ ನನಗೆ ವ್ಯತ್ಯಾಸ ಕೇಳಿಸಿಲ್ಲ.

ಇನ್ನು ಅವರೇ ಕಟ್ಟಿದ ವಾದ್ಯಗಳು. ಆರ್ಕೆಸ್ಟ್ರಾದವರಿಗೂ ಭಜನೆಯವರಿಗೂ ಮಾಡುವ ಎಂಟು ತಂತಿಯ ಮ್ಯಾಂಡೋಲಿನ್ ಸಮತಟ್ಟು ಹಲಗೆಯದು. ಕೆತ್ತಿದ ಉಬ್ಬು ಹಲಗೆಯದನ್ನು ಕೇಳಿದವರಿಗೆ ಮಾತ್ರ ಮಾಡಿಕೊಡುತ್ತಾರೆ. ಕೆಡವಿದ ಹಳೆಯ ವಾಡೆಗಳ ಸಾಗವಾನಿ ತೊಲೆಗಳಿಂದ ಕತ್ತನ್ನು ಕಡೆಯುತ್ತಾರೆ. ಅಷ್ಟು ವರ್ಷ ಒಣಗಿದ ಮರ ಸುಲಭಕ್ಕೆ ತಿರುಚುವುದಿಲ್ಲವೆಂಬುದು ನಿಜ. ಆದರೆ ಕಡಿಮೆ ಬೆಲೆಯವುಗಳ ಕತ್ತಿನೊಳಗೆ ಅವರು ಕೂಡಿಸುವುದು ಬರೀ ಉಕ್ಕಿನ ಪಟ್ಟಿ. ತಿರುಗಿಸಿ ಹೊಂದಿಸುವ ಸರಳು ಇಲ್ಲದಿರುವುದರಿಂದ, ಕತ್ತು ಬಾಗಿದರೆ ಫ್ರೆಟ್ ತೆಗೆದು ಬೆರಳೊತ್ತುವ ಹಲಗೆಯನ್ನು ಸಮ ಮಾಡುವುದೊಂದೇ ದಾರಿ ಉಳಿಯುತ್ತದೆ. ಸ್ವಲ್ಪ ಹೆಚ್ಚು ಕೊಟ್ಟಾದರೂ ಸರಳು ಹಾಕಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಅವರು ಹಾಕುವ ಶ್ರುತಿ ಕೀಲಿಗಳೂ ವಾದ್ಯದ ಯೋಗ್ಯತೆಗೆ ತಕ್ಕವಲ್ಲ. ಜೋಡಿ ತಂತಿಗಳು ಒಂದೇ ಸ್ವರದಲ್ಲಿ ನಿಲ್ಲದಿದ್ದರೆ ಮ್ಯಾಂಡೋಲಿನ್ನಿನ ಸೊಗಸೇ ಹೋಗುತ್ತದೆ. ಸಡಿಲ ಕೀಲಿ ಇದನ್ನು ಪ್ರತಿ ಹಾಡಿಗೂ ಕೆಡಿಸುತ್ತದೆ. ಒಳ್ಳೆಯ ಕೀಲಿಗಳನ್ನು ಹೊರಗಿನಿಂದ ತಂದುಕೊಟ್ಟರೆ ಕೂಲಿ ಇಲ್ಲದೆ ಕೂಡಿಸಿಕೊಡುತ್ತಾರೆ.

ಕರ್ನಾಟಕ ಸಂಗೀತ ನುಡಿಸುವವರಿಗೆ ಇಲ್ಲಿ ಬೇರೆ ವಾದ್ಯವಿದೆ. ಯು. ಶ್ರೀನಿವಾಸ್ ಅವರು ಜೋಡಿ ತಂತಿಗಳನ್ನು ಬಿಟ್ಟು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೋಲಿನ್ ಹಿಡಿದು, ಐದು ತಂತಿಯಲ್ಲಿ ಗಮಕಗಳನ್ನು ನುಡಿಸಿ ತೋರಿಸಿದ ಮೇಲೆ ಆ ಮಾದರಿಯೇ ದಕ್ಷಿಣದಲ್ಲಿ ನೆಲೆನಿಂತಿತು. 2014ರಲ್ಲಿ ಅವರು ತೀರಿಕೊಂಡರೂ ಹೊಸದಾಗಿ ಕಲಿಯುವವರು ಕೇಳುವುದು ಇಂದಿಗೂ ಅದನ್ನೇ. ಉಸ್ತಾದರು ಕಟ್ಟುವ ಐದು ತಂತಿಯದು ಗಟ್ಟಿ ಮರದ ಒಡಲಿನದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನ ಗೂಡಿಗೆ ತಾಮ್ರದ ಹಾಳೆ ಹೊದಿಸಿ ತಂತಿಗಳಿಗೆ ಅರ್ಥಿಂಗ್ ಕೊಟ್ಟಿರುವುದರಿಂದ, ಜಾತ್ರೆಯ ಮಂಟಪದ ದೀಪಗಳ ನಡುವೆಯೂ ಸ್ಪೀಕರಿನಲ್ಲಿ ಗುಂಯ್‌ಗುಡುವಿಕೆ ತೀರಾ ಕಡಿಮೆ. ಗೆಳೆಯರಿಗೆ ಕೊಡಿಸಿದ್ದು ಇದನ್ನೇ, ಮತ್ತು ಈ ಕಾರ್ಯಾಗಾರದ ಹೊಸ ವಾದ್ಯಗಳಲ್ಲಿ ನಾನು ಹಿಂದೆಮುಂದೆ ನೋಡದೆ ಹೊಗಳುವುದೂ ಇದನ್ನೇ.

ವ್ಯವಹಾರದಲ್ಲಿ ಕೊರತೆಗಳಿವೆ. ಬರೆದುಕೊಟ್ಟ ಅಂದಾಜು ಪಟ್ಟಿ ಇಲ್ಲ, ಬಿಲ್ಲು ಕೇಳಿದರಷ್ಟೇ ಕೊಡುತ್ತಾರೆ, ಹೇಳಿದ ದಿನಕ್ಕೆ ಕೆಲಸ ಮುಗಿಯುವುದು ಅಪರೂಪ. ಒಬ್ಬರೇ ಮಾಡುವ ಕೆಲಸವೆಂಬುದು ನಿಜವಾದರೂ, ಮದುವೆಯ ಕಾರ್ಯಕ್ರಮ ಒಪ್ಪಿಕೊಂಡ ವಾದಕರು ದಿನಕ್ಕೆ ಎರಡು ಸಲ ಫೋನ್ ಮಾಡುವಂತಾಗಬಾರದು. ಮುಂಗಡ ಪಡೆದವರು ತಡವಾಗುವುದನ್ನು ತಾವಾಗಿಯೇ ತಿಳಿಸಬೇಕು ಎಂದು ಅವರಿಗೂ ಹೇಳಿದ್ದೇನೆ. ಕೂಲಿಯ ವಿಷಯದಲ್ಲಿ ದೂರಿಲ್ಲ. ಪೂರ್ತಿ ಹೊಂದಿಸಿಕೊಡಲು ಅವರು ಕೇಳುವುದು ಒಳ್ಳೆಯ ಒಂದು ಸೆಟ್ ತಂತಿಯ ಬೆಲೆಗಿಂತ ಕಡಿಮೆ. ತಾವು ಮಾರಿದ ವಾದ್ಯವನ್ನು ಮೊದಲ ಮಳೆಗಾಲ ಮುಗಿದ ಮೇಲೆ ಒಮ್ಮೆ ಪುಕ್ಕಟೆಯಾಗಿ ಹೊಂದಿಸಿಕೊಡುವ ಪದ್ಧತಿಯನ್ನೂ ಇಟ್ಟುಕೊಂಡಿದ್ದಾರೆ.

ಹೋಗುವವರು ಶುಕ್ರವಾರ ಮಧ್ಯಾಹ್ನವೊಂದನ್ನು ಬಿಟ್ಟು ಬೇರೆ ಹೊತ್ತಿನಲ್ಲಿ ಹೋಗಿ. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಯಿಂದ ಹಿಡಿದು ಬೇಸಿಗೆಯ ಮದುವೆಗಳು ಮುಗಿಯುವ ತನಕ ಅಲ್ಲಿ ಕೆಲಸ ಒಟ್ಟಿರುತ್ತದೆ. ತುರ್ತಿಲ್ಲದ ಫ್ರೆಟ್ ಕೆಲಸವನ್ನು ಮಳೆ ಶುರುವಾದ ಮೇಲೆ ಕೊಡುವುದು ಒಳ್ಳೆಯದು. ಬೇಸಿಗೆಯಲ್ಲಿ ಒಯ್ಯುವುದಾದರೆ ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೆಳಿಗ್ಗೆಯೇ ಒಯ್ಯಿರಿ, ನಿಲ್ಲಿಸಿದ ಕಾರಿನೊಳಗೆ ಅರ್ಧ ಗಂಟೆಯೂ ಬಿಡಬೇಡಿ.